ಪದ್ಮಿನಿಯ ಒಳಗಿನ ಬಡಿತ

ಅಜ್ಜಯ್ಯ ಬಿಟ್ಟುಹೋದ ನಮ್ಮ ಪದ್ಮಿನಿ ಕಾರು ಬಡಿಯಲು ಶುರು ಮಾಡಿದ್ದು ಒಂದು ಸೋಮವಾರ. ತೆಕ್ಕಟ್ಟೆಯ ಮನೆಯಿಂದ ಹೆದ್ದಾರಿಗೆ ಹತ್ತುವ ಏರಿನಲ್ಲಿ ದಢ್ ದಢ್ ಎಂದಿತು, ಒಳಗೆ ಸಿಕ್ಕಿಕೊಂಡ ಯಾರೋ ಬಾಗಿಲು ಗುದ್ದುವ ಹಾಗೆ. ದಿನಾ ಬರೆದಿಡುವುದು ನನ್ನ ಅಭ್ಯಾಸ. ಸದ್ದನ್ನೂ ಬರೆದೆ. ನಿಂತಲ್ಲಿ ಇಲ್ಲ, ಇಳಿಜಾರಿನಲ್ಲಿ ಇಲ್ಲ, ಕ್ಲಚ್ ಬಿಡುವಾಗ ಇದೆ, ಏರಿನಲ್ಲಿ ಜೋರು. ಗುರುವಾರದವರೆಗೂ ಅದೇ ಲೆಕ್ಕ. ಅಷ್ಟರಲ್ಲಿ ಅಪ್ಪಯ್ಯ ಬಂಪರಿಗೆ ಒದ್ದು ಹೆಬ್ಬೆರಳಿನ ಉಗುರು ಕಿತ್ತುಕೊಂಡಿದ್ದರು. ಬಾಗಿಲು ಅಪ್ಪಳಿಸಿ ಅದರ ಹಿಡಿ ಮುರಿದಿದ್ದರು.

ಕೋಟೇಶ್ವರದ ಗ್ಯಾರೇಜಿನವ ಒಂದು ಸುತ್ತು ಓಡಿಸಿ ಬಂದು, "ಬೇರಿಂಗ್ ಹೋಯ್ತ್. ಇಂಜಿನ್ ಇಳ್ಸ್ಕ್" ಎಂದು ಇಂಜಿನ್ ಇಳಿಸುವ ಖರ್ಚನ್ನೂ ಹೇಳಿದ. ವಾರದ ಹಿಂದೆ ಕಾರನ್ನು ಬೈಂದೂರಿಗೆ ಒಯ್ದದ್ದು ಚಿಕ್ಕಪ್ಪ. ಅವರು ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಂಡು ವಾರದ ಕೊನೆಗೆ ಮನೆಗೆ ಬರುವವರು, ಈ ಹಳೆ ಕಾರು ಮಾರಿಬಿಡಿ ಎಂದು ಸದಾ ಹೇಳುವವರು. ಅಪ್ಪಯ್ಯ ಎರಡನ್ನೂ ಕೂಡಿಸಿ, ಕಾರು ಕೆಡಿಸಿದ್ದು ತಮ್ಮನೇ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಅಪ್ಪಯ್ಯ ಕಾರನ್ನು ಪೇಟೆಗೆ ಒಯ್ದು, ಅದೇ ಸದ್ದಿನೊಂದಿಗೆ ಅಂಗಳಕ್ಕೆ ತಂದು ನಿಲ್ಲಿಸಿದರು. ಚಿಕ್ಕಪ್ಪ ಬಂಗುಡೆಯ ಚೀಲ ಹಿಡಿದು ಆಗಷ್ಟೇ ಬಂದಿದ್ದರು.

"ಬೈಂದೂರಿಗೆ ತಕಂಡ್ ಹೋಯಿ ಎಂತ ಮಾಡ್ದೆ ಹೇಳ್."

"ಹಾಳ್ ಮಾಡುದ್ ಎಂತದೂ ಮಾಡ್ಲಿಲ್ಲ ಅಣ್ಣಯ್ಯ. ಅದ್ಕೆ ವಯ್ಸಾಯ್ತ್."

"ಮಾರ್ಸುಕೆ ಹೀಂಗೊಂದ್ ದಾರಿ ಹಿಡ್ದ್ಯಾ?"

"ಮಾರುದಾ? ಸುಮ್ನೆ ಕೊಟ್ರೂ ಗುಜರಿಯವ ತಕಂತಿಲ್ಲ."

ಅಪ್ಪಯ್ಯ ಡಿಕ್ಕಿಯಿಂದ, ಇಂಜಿನ್ ತಿರುಗಿಸುವ ಕಬ್ಬಿಣದ ಸ್ಟಾರ್ಟಿಂಗ್ ಹ್ಯಾಂಡಲ್ ತೆಗೆದು ತಮ್ಮನ ಎಡ ಭುಜಕ್ಕೆ ಬೀಸಿದರು. ಮೂಳೆಯ ಸದ್ದು ನನಗೆ ಜಗಲಿಗೆ ಕೇಳಿಸಿತು. ಚಿಕ್ಕಪ್ಪ ಬಲಗೈಯಿಂದ ಅಣ್ಣನ ಕುತ್ತಿಗೆ ಹಿಡಿದು, ಕೆನ್ನೆಯನ್ನು ಕಾದ ಬಾನೆಟ್ಟಿಗೆ ಒತ್ತಿದರು. ಒತ್ತಿಯೇ ಇದ್ದರು. ಅಮ್ಮ ಹಿತ್ತಿಲಿನಿಂದ ಓಡಿಬಂದು ಮೀನು ತೊಳೆದ ನೀರನ್ನು ಇಬ್ಬರ ತಲೆಗೂ ಸುರಿದಳು. ಆಗ ಕೈ ಸಡಿಲಾಯಿತು. ಅಪ್ಪಯ್ಯನ ಕೆನ್ನೆಯ ಚರ್ಮ ಬಾನೆಟ್ಟಿಗೆ ಅಂಟಿತ್ತು.

"ಬಟ್ಟೆ ತಕಂಡ್ ಹೋತೆ. ಇನ್ ಈ ಮನಿ ಮೆಟ್ಲ್ ಹತ್ತುದಿಲ್ಲ," ಎಂದು ಚಿಕ್ಕಪ್ಪ ಒಳಗೆ ಹೋದರು. ಅಮ್ಮ ಹಿಂದೆಯೇ ಹೋಗಿ, ಮೈ ಒರೆಸುವ ಬೈರಾಸಿನಲ್ಲಿ ಅವರ ಕೈಯನ್ನು ಕುತ್ತಿಗೆಗೆ ಕಟ್ಟತೊಡಗಿದಳು.

ಅವರು ಹೊರಗೆ ಬರುವುದರೊಳಗೆ ಸದ್ದಿನ ಮೂಲ ಸಿಗಬೇಕಿತ್ತು. ಬೇರಿಂಗ್ ಹೋಗಿದ್ದರೆ ನಿಂತಲ್ಲೂ ಬಡಿಯಬೇಕಲ್ಲ ಎಂಬುದು ನನ್ನ ಯೋಚನೆ. ಅಪ್ಪಯ್ಯನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಕ್ಲಚ್ ಸ್ವಲ್ಪ ಬಿಡಲು ಹೇಳಿದೆ. ಕೆನ್ನೆ ಒದ್ದೆ ಇದ್ದ ಹಾಗೆಯೇ ಅವರು ಬಿಟ್ಟರು. ಬಾನೆಟ್ ಎತ್ತಿ ನೋಡುತ್ತಿದ್ದ ನನ್ನೆದುರು ಇಡೀ ಇಂಜಿನ್ ಎದ್ದು ಎಡಕ್ಕೆ ಬಿತ್ತು. ದಢ್. ಮೊಬೈಲಿನ ಬೆಳಕು ಬಿಟ್ಟೆ. ಇಂಜಿನ್ ಕೂರುವ ಎಡಗಡೆಯ ರಬ್ಬರ್ ಇರಲೇ ಇಲ್ಲ. ಅದರ ಜಾಗದಲ್ಲಿ ಎಣ್ಣೆ ಕುಡಿದ ಕಪ್ಪು ಮರದ ತುಂಡು, ನೀಟಾಗಿ ಕೆತ್ತಿದ್ದು. ಬೋಲ್ಟ್ ಸಡಿಲಾಗಿತ್ತು.

ಚಿಕ್ಕಪ್ಪ ಚೀಲ ಹಿಡಿದು ಮೆಟ್ಟಿಲಿಳಿದರು. ನಾನು ಬೆಳಕನ್ನು ಅಲ್ಲೇ ಹಿಡಿದಿದ್ದೆ.

"ನಾನೇ ಇಟ್ಟದ್ದ್. ರಬ್ಬರ್ ಪೂರಾ ಹರ್ದಿತ್ತ್," ಎಂದರು. "ಬೋಟಂಗೆ ಇಂಜಿನ್ ಕೂಕಂಬುದೇ ಮರದ್ ಮೇಲೆ."

"ಹೇಳುಕೆ ಎಂತ ಆಯ್ತ್ ನಿಂಗೆ?" ಅಪ್ಪಯ್ಯನ ದನಿ ಕಾರಿನೊಳಗಿಂದ ಬಂತು.

"ಒಂದ್ ತುಂಡ್ ಮರ ಇಟ್ಟದ್ದನ್ನ್ ಯಾರಾರೂ ಹೇಳ್ತ್ರಾ?"

ಅಪ್ಪಯ್ಯ ಎಡಗಡೆಯ ಬಾಗಿಲು ತೆರೆದರು. "ಹತ್ತ್. ಆಸ್ಪತ್ರೆಗೆ ಬಿಡ್ತೆ."

"ಬಸ್ ಇತ್ತ್."

ಅವರು ಹೆದ್ದಾರಿಗೆ ನಡೆದು ಕುಂದಾಪುರದ ಲೋಕಲ್ ಬಸ್ ಹತ್ತಿದರು. ಅಪ್ಪಯ್ಯ ನನ್ನನ್ನು ಕೂರಿಸಿಕೊಂಡು ಬಸ್ಸಿನ ಹಿಂದೆಯೇ ಹೋದರು. ಕುಂಭಾಶಿಯಲ್ಲಿ ಬಸ್ ನಿಂತಿತು, ನಾವೂ ನಿಂತೆವು. ಕೋಟೇಶ್ವರದಲ್ಲಿ ಮತ್ತೆ ನಿಂತೆವು. ಹಿಂದಿನ ಲಾರಿಯವ ಬೈದ; ಅಪ್ಪಯ್ಯ ತಿರುಗಿ ನೋಡಲಿಲ್ಲ. ಪ್ರತಿ ಸಲ ಹೊರಡುವಾಗಲೂ ಮರ ಬಡಿಯಿತು, ಬಸ್ಸಿನ ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಚಿಕ್ಕಪ್ಪ ಅವರ ನಡುವೆಯೇ ಮುಂದೆ ನೋಡುತ್ತ ಕೂತಿದ್ದರು.

ಆಸ್ಪತ್ರೆಯ ಗೇಟಿನ ಬಳಿ ಇಳಿದವರು ಒಳಗೆ ಹೋಗಲಿಲ್ಲ. ನೇರ ನಮ್ಮ ಕಾರಿಗೆ ಬಂದರು. ಕಿಟಕಿಯೊಳಗೆ ಬಲಗೈ ಹಾಕಿ, ಅಪ್ಪಯ್ಯನ ಸುಡದ ಕೆನ್ನೆಗೆ ಬಲವಾಗಿ ಒಂದು ಹೊಡೆದರು. ಗೇಟಿನ ಬಳಿ ಇದ್ದವರೆಲ್ಲ ತಿರುಗಿದರು. ಅಪ್ಪಯ್ಯ ಕೈ ಎತ್ತಲಿಲ್ಲ.

"ನಡಿ, ಚೀಟಿ ಮಾಡ್ಸ್," ಎಂದರು ಚಿಕ್ಕಪ್ಪ. "ನಂಗೆ ನಿಂತ್ಕಂಬುಕೆ ಆತಿಲ್ಲ."

ಅಪ್ಪಯ್ಯ ಇಳಿದು, ಮೀನಿನ ನೀರಿನ ವಾಸನೆಯ ಅಂಗಿಯಲ್ಲೇ ಹೋಗಿ ಸಾಲಿನಲ್ಲಿ ನಿಂತರು.