ಮೂರು ಸೀಟು

ದೆವ್ವ-ಗಿವ್ವದ ಮಾತು ಬಂದರೆ ಎದ್ದು ಚಹಾ ಕುಡಿಯಲು ಹೋಗುವವರ ಪೈಕಿ ನಾನು. ಹೆದರಿದವನಿಗೆ ಹಗ್ಗವೂ ಹಾವಾಗಿ ಕಾಣುತ್ತದೆ ಎಂದು ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ. ಇದನ್ನು ಓದಿ ನೀವು ನನಗೂ ಅದನ್ನೇ ಹೇಳಬಹುದು. ಅಲ್ಲದೆ ಇದರಲ್ಲಿ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು.

ನನ್ನ ಮೈ ದೊಡ್ಡದು. ಎಷ್ಟು ದೊಡ್ಡದೆಂದರೆ, ಯಾರ ಮನೆಗೆ ಹೋದರೂ ಪ್ಲಾಸ್ಟಿಕ್ ಕುರ್ಚಿ ಸರಿಸಿ ಮಂಚ ತೋರಿಸುತ್ತಾರೆ. ದೊಡ್ಡಪ್ಪನ ಮಗ ಗುರಪ್ಪಣ್ಣ ನನಗಿಂತ ಒಂದು ಕೈ ಮೇಲು. ಬಬಲೇಶ್ವರದಲ್ಲಿ ಇಬ್ಬರೂ ಸೇರಿ ದ್ರಾಕ್ಷಿ ತೋಟಗಳಿಗೆ ಪೈಪು ಮಾರುವ ಅಂಗಡಿ ಇಟ್ಟಿದ್ದೆವು. ಸಾಮಾನು ತರಲು, ಸೀಟಿಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಜೀಪಿನಲ್ಲಿ ವಿಜಯಪುರಕ್ಕೆ ಹೊರಟರೆ, ಡ್ರೈವರ್ ಬಾಯಿ ತೆರೆಯುವ ಮೊದಲೇ ಅವನು ಕೂಗುತ್ತಿದ್ದ: “ನಾವ್ ಇಬ್ರು, ಮೂರ್ ಸೀಟಿಂದು ತಗೊಳ್ಳಪಾ. ನಡಕಿಂದು ನಮ್ಮ ಹೊಟ್ಟಿಗೋಳಿಗೆ!”

ಜೀಪಿಗೆ ಜೀಪೇ ನಗುತ್ತಿತ್ತು. ನಾನು ಮಾತ್ರ ಕಿಟಕಿಗೆ ಮುಖ ತಿರುಗಿಸುತ್ತಿದ್ದೆ. “ಯಾಕ ನಾಚ್ತೀಯೋ? ಯಾರದರ ಕದ್ದ ತಿಂದೇವೇನು?” ಎಂದು ಅವನು ನನ್ನ ಬೆನ್ನು ಸವರುತ್ತಿದ್ದ. ಅವನ ಅಂಗೈ ರೊಟ್ಟಿ ಹಂಚಿನಷ್ಟು ಅಗಲ.

ಕೊರೊನಾದಲ್ಲಿ ಗುರಪ್ಪಣ್ಣ ಹೋದ. ನೆಗಡಿ, ನೆಗಡಿ ಎಂದು ನಗುತ್ತಲೇ ತಡ ಮಾಡಿದ. ಡಾಕ್ಟರ್ ನನ್ನನ್ನು ಬದಿಗೆ ಕರೆದು, “ದಪ್ಪ ಮೈಯವರಿಗೆ ಇಂಥ ಜ್ವರ ಎದಿಗೆ ಇಳದ್ರ ಅಪಾಯ ಜಾಸ್ತಿರಿ. ಹೊಟ್ಟಿ ಭಾರಕ್ಕ ಶ್ವಾಸಕೋಶ ಪೂರ್ತಿ ಹಿಗ್ಗೂದಿಲ್ಲ. ನಿಮ್ಮದೂ ಅದ ಮೈ. ಮುಂದ ಜ್ವರ ಬಂದ್ರ ತಡಾ ಮಾಡಬ್ಯಾಡ್ರಿ” ಎಂದರು. ಒಳ್ಳೆಯದಕ್ಕೇ ಹೇಳಿದ್ದು. ನನಗೆ ಕೇಳಿಸಿದ್ದು ಮಾತ್ರ ‘ನಿಮ್ಮದೂ ಅದ ಮೈ’ ಎಂಬುದಷ್ಟೇ.

ಒಂದೆರಡು ವರ್ಷದ ಮೇಲೆ ಚಳಿಗಾಲದಲ್ಲಿ ಊರಿಗೆಲ್ಲ ಫ್ಲೂ ಜ್ವರ ಬಂತು. ಉಳಿದವರು ಕೆಮ್ಮಿ ಎದ್ದರು, ನನಗೆ ಎದೆಗೆ ಇಳಿಯಿತು. ಅಂಗಡಿಯ ಮೆಟ್ಟಿಲು ಹತ್ತಿದರೂ ದಮ್ಮು. ಅಣ್ಣ ನಗುತ್ತ ತಡ ಮಾಡಿದರೆ ನಾನು ನಾಚುತ್ತ ತಡ ಮಾಡಿದೆ. ದವಾಖಾನೆಯಲ್ಲಿ ತೂಕದ ಮೇಲೆ ನಿಲ್ಲಿಸುತ್ತಾರೆ, ನರ್ಸು ಅಂಕಿಯನ್ನು ಗಟ್ಟಿಯಾಗಿ ಓದುತ್ತಾಳೆ, ನನ್ನನ್ನು ಎತ್ತಲು ಇನ್ನಿಬ್ಬರನ್ನು ಕರೆಯುತ್ತಾರೆ. ಇದನ್ನು ನೆನೆದರೇ ಬೆವರು ಬರುತ್ತಿತ್ತು. ಹೆಂಡತಿ, “ಇಲ್ಲೇ ಸಾಯ್ತೀರೇನು?” ಎಂದು ಅತ್ತಳು. ವಿಜಯಪುರದ ದವಾಖಾನೆಗೇ ಹೋಗುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿ, ಅಲ್ಲಿಯ ಔಷಧದ ಅಂಗಡಿಯಿಂದ ಗುಳಿಗೆ ತಂದರಾಯಿತು ಎಂದುಕೊಂಡು ಒಬ್ಬನೇ ಜೀಪು ಹತ್ತಿದೆ.

ಮಟಮಟ ಮಧ್ಯಾಹ್ನ. ನಡುವಿನ ಸಾಲಿನಲ್ಲಿ ಕಿಟಕಿಗೆ ಒತ್ತಿ ಕೂತೆ. ಡ್ರೈವರ್ ಹೊಸಬ, ನಮ್ಮ ಪರಿಚಯ ಇಲ್ಲದವನು. ಹೊರಡುವ ಮೊದಲು ನನ್ನ ಕಡೆ ಕೈ ಚಾಚಿ, “ಮೂರ್ ಸೀಟಿಂದು ಕೊಡ್ರಿ” ಎಂದ.

ಎರಡು ಎಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಒಬ್ಬನಿಗೆ ಮೂರು! ಜಗಳಾಡಲು ದಮ್ಮಿರಲಿಲ್ಲ. ಕೊಟ್ಟು, ಮುಖ ಹೊರಗೆ ಹಾಕಿದೆ. ಜೀಪು ಕಿಕ್ಕಿರಿದರೂ ನನ್ನ ಪಕ್ಕಕ್ಕೆ ಯಾರೂ ಒತ್ತಿ ಬರಲಿಲ್ಲ. ನನ್ನಿಂದ ಜನ ದೂರ ಸರಿದು ಕೂಡುವುದೇನು ಹೊಸದಲ್ಲ. ದಾರಿಯಲ್ಲಿ ಬೆನ್ನಿಗೆ ಬೆಚ್ಚಗೆ ಏನೋ ತಾಗಿದಂತಿತ್ತು. ಸೀಟು ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ. ಉಸಿರು ಒಂದಿಷ್ಟು ಸರಾಗವಾಯಿತು.

ವಿಜಯಪುರದಲ್ಲಿ ಜೀಪು ಬಸ್‌ಸ್ಟ್ಯಾಂಡಿಗೆ ಹೋಗದೆ ಒಂದು ದವಾಖಾನೆಯ ಮುಂದೆ ನಿಂತಿತು.

“ಇಳೀರಿ ಅಣ್ಣಾರ.”

“ನಾ ಇಲ್ಲಿ ಇಳ್ಯಾಂವ ಅಲ್ಲಪಾ.”

“ನಿಮ್ಮ ಅಣ್ಣಾರ ಹತ್ತೂಮುಂದ ಹೇಳ್ಯಾರಲ್ರಿ, ತಮ್ಮಗ ದಮ್ಮ ಹತ್ತೈತಿ, ದವಾಖಾನಿ ಮುಂದ ನಿಲ್ಲಸು ಅಂತ.”

“ಯಾವ ಅಣ್ಣ?”

ಡ್ರೈವರ್ ಹಿಂತಿರುಗಿ ನನ್ನ ಪಕ್ಕಕ್ಕೆ ನೋಡಿದ. ನಾನೂ ನೋಡಿದೆ. ಇಬ್ಬರು ಕೂಡುವಷ್ಟು ಜಾಗ ಖಾಲಿ. ಹಿಂದಿನ ಸಾಲಿನಲ್ಲಿ, ಮಗಳ ಮನೆಗೆ ಹೊರಟಿದ್ದ ಮುದುಕಿ, “ಈಗರ ಇದ್ರಲ್ಲೋ ಯಪ್ಪಾ! ದಾರಿ ತುಂಬ ನಿನ್ನ ಬೆನ್ನ ಸವರಾಕತ್ತಿದ್ರು. ನಿನ್ನಂಗ ಇದ್ರು, ನಿನಗಿಂತ ತುಸು ದಪ್ಪ” ಎಂದಳು. ಜೀಪಿನಲ್ಲಿ ಯಾರೂ ನಗಲಿಲ್ಲ.

ಇಳಿದೆ. ತೂಕದ ಮೇಲೆ ನಿಲ್ಲಿಸಿದರೋ ಇಲ್ಲವೋ ನೆನಪಿಲ್ಲ, ಆಮ್ಲಜನಕದ ಮುಖವಾಡ ಹಾಕಿದ್ದು ನೆನಪಿದೆ. ಇನ್ನೊಂದು ದಿನ ತಡವಾಗಿದ್ದರೆ ನಮ್ಮ ಕೈಯಲ್ಲಿರಲಿಲ್ಲ ಎಂದರು. ಚೇತರಿಸಿಕೊಂಡ ಮೇಲೆ ಅಲ್ಲಿಯ ಡಾಕ್ಟರಿಗೆ ಜೀಪಿನ ಸಂಗತಿ ಹೇಳಿದೆ. ಆಮ್ಲಜನಕ ಕಡಿಮೆಯಾದರೆ ಇಲ್ಲದವರೂ ಕಾಣುತ್ತಾರೆ ಎಂದು ನಕ್ಕರು. ಇರಬಹುದು. ಆದರೆ ಕಂಡದ್ದು ನನಗಲ್ಲವಲ್ಲ.

ಈಗ ತೂಕದಲ್ಲಿ ಸ್ವಲ್ಪ ಇಳಿದಿದ್ದೇನೆ. ಮೈ ಬಿಸಿಯಾದರೆ ನಾನೇ ಹೋಗಿ ತೂಕದ ಮೇಲೆ ನಿಲ್ಲುತ್ತೇನೆ. ಆ ನಾಚಿಕೆ ಹೋಯಿತು, ಇನ್ನೊಂದು ಹೋಗಿಲ್ಲ. ಅವತ್ತು ಬಬಲೇಶ್ವರದಿಂದ ವಿಜಯಪುರದ ತನಕ ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದನಂತೆ. ಗುರುತಿಲ್ಲದವರೆಲ್ಲ ಅವನನ್ನು ನೋಡಿದರು. ನಾನೊಬ್ಬ ನಾಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ.