ಬೋಟಿಗೆ ರಜೆ ಬಂದಾಗ

ನನ್ನ ಗಂಡ ಗಂಗೊಳ್ಳಿಯ ಬೋಟಿನಲ್ಲಿ ಕೆಲಸಕ್ಕಿದ್ದಾರೆ. ಕಡಲಿಗೆ ಹೋದರೆ ವಾರಕ್ಕೂ ಹೆಚ್ಚು ದಿನ ಬರುವುದಿಲ್ಲ. ಅದು ನನಗೆ ಎಷ್ಟು ಅನುಕೂಲವಾಗಿತ್ತೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಬ್ಲೌಸಿನ ಅಳತೆ ಕೊಡಲು ಬಂದವರು ನನ್ನ ಮಾತು ಕೇಳಲೆಂದೇ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದರು. "ನಿನ್ ಹತ್ರ ಬಂದ್ರೆ ನೆಗಾಡಿ ನೆಗಾಡಿ ಸಾಕಾತ್ತ್ ಮಾರಾಯ್ತಿ" ಎನ್ನುತ್ತಿದ್ದರು. ಸಂಜೆ ಶಟರ್ ಎಳೆದು ಮನೆಗೆ ಬಂದರೆ, ತಲೆನೋವೆಂದು ಅತ್ತೆಗೆ ಹೇಳಿ, ಉಟ್ಟ ಸೀರೆಯಲ್ಲೇ ಕೋಣೆಯ ನೆಲದ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಅಳು ಕೂಡ ಬರುತ್ತಿರಲಿಲ್ಲ. ನಾಳೆ ಏಳದೇ ಇದ್ದರೆ ಎಷ್ಟು ಒಳ್ಳೆಯದು ಎಂದುಕೊಳ್ಳುತ್ತಿದ್ದೆ. ಬೋಟು ದಡಕ್ಕೆ ಬರುತ್ತಿದೆಯೆಂದು ಗಂಡನ ಫೋನು ಬಂದರೆ ಸಾಕು, ಎದ್ದು ತಲೆ ಬಾಚಿ, ಮನೆ ಗುಡಿಸಿ, ಮಸಾಲೆ ಅರೆಯುತ್ತಿದ್ದೆ. ಅವರು ಮನೆಯಲ್ಲಿರುವ ಒಂದೆರಡು ದಿನ ಅಂಗಡಿಯಲ್ಲಿ ನಗುವ ಹೆಂಗಸೇ ಮನೆಯಲ್ಲೂ ಇರುತ್ತಿದ್ದಳು.

ಮಳೆಗಾಲದಲ್ಲಿ ಬೋಟುಗಳಿಗೆ ಎರಡು ತಿಂಗಳು ರಜೆ. ಹಿಂದಿನ ವರ್ಷಗಳಲ್ಲಿ ಹೇಗೋ ಸುಧಾರಿಸಿದ್ದೆ. ಆ ವರ್ಷ ಆಗಲಿಲ್ಲ. ರಜೆ ಶುರುವಾಗಿ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ, ಏಳಬೇಕೆಂದರೂ ಮೈ ಏಳಲಿಲ್ಲ.

"ಎಂತ ಆಯ್ತ್? ಅಂಗಡಿಗ್ ಹೋತಿಲ್ಯಾ?" ಎಂದರು ಗಂಡ.

"ಏಳುಕೇ ಆತಿಲ್ಲ."

ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಅಮ್ಮನನ್ನು ಕರೆದರು. ನನಗೆ ಊಟ ಸೇರದೆ ಹಲವು ದಿನವಾದದ್ದು ಅತ್ತೆಗೆ ಗೊತ್ತಿತ್ತು. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿರಲಿಲ್ಲ. ಅತ್ತೆಯ ಮುಖ ಅರಳಿದ್ದನ್ನು ಕಂಡಾಗಲೇ ಅವರು ಏನೆಂದುಕೊಂಡರೆಂದು ನನಗೆ ತಿಳಿಯಿತು.

"ನೀ ಹೊರ್ಗ್ ಹೋಗ್ ಮಗಾ" ಎಂದು ಮಗನನ್ನು ಕಳಿಸಿ ನನ್ನ ತಲೆ ಸವರಿದರು. "ಮಲ್ಕೋ ಹೆಣೆ. ಈಗ ಏಳೂದೇ ಬ್ಯಾಡ. ನಾನ್ ಯಾರಿಗೂ ಹೇಳ್ತಿಲ್ಲ."

ಅಲ್ಲವೆಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಲಗಿರಲು ನನಗೊಂದು ಮರ್ಯಾದೆಯ ಕಾರಣ ಸಿಕ್ಕಿತ್ತು.

ಅತ್ತೆ ಎಳನೀರು ತಂದು ಕುಡಿಸಿದರು. ಮಗಳಿಗೆ ಮಾತ್ರ ಹೇಳಿಬಿಟ್ಟಿದ್ದರೆಂದು ಕಾಣುತ್ತದೆ; ಮಧ್ಯಾಹ್ನ, ಬೈಂದೂರಿಗೆ ಮದುವೆಯಾಗಿ ಹೋದ ನಾದಿನಿಯ ಫೋನು ಬಂತು. "ಅತ್ಗೆ, ಹುಳಿ ತಿಂಬ ಆಸಿ ಆತಿತ್ತಾ? ಉಪ್ಪಿನ್ಕಾಯಿ ತಕಂಡ್ ನಾಳೆ ಬತ್ತೆ" ಎಂದಳು. ನಾನು "ಹ್ಞೂಂ" ಎಂದೆ. ಫೋನಿಟ್ಟ ಮೇಲೆ ನನ್ನ ದನಿ ನನಗೇ ಅಸಹ್ಯವಾಯಿತು. ಜೋರಾಗಿ ಅತ್ತುಬಿಟ್ಟೆ.

ಅತ್ತೆ, ಗಂಡ ಇಬ್ಬರೂ ಓಡಿ ಬಂದರು.

"ಅದಲ್ಲ ಅತ್ತೆ" ಎಂದೆ. "ನಾನ್ ಬಸ್ರಿ ಅಲ್ಲ. ನಂಗ್ ಯಾವ್ದೂ ಬ್ಯಾಡ ಅನ್ಸತ್ತ್. ಬದ್ಕೂದೂ ಬ್ಯಾಡ ಅನ್ಸತ್ತ್. ಸುಮಾರ್ ಸಮಯ ಆಯ್ತ್."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಗಂಡ ಬಾಗಿಲಲ್ಲೇ ನಿಂತಿದ್ದರು.

"ನನ್ನಿಂದ ಎಂತಾರೂ ಆಯ್ತಾ?"

"ಇಲ್ಲ."

"ಮಕ್ಳ್ ಆಯ್ಲಿಲ್ಲ ಅಂದಾ?"

"ಅದೂ ಅಲ್ಲ."

"ಮತ್ತೆಂತ?"

ಗಂಡ ಕುಡಿಯುವುದಿಲ್ಲ, ಅತ್ತೆ ಬೈಯುವುದಿಲ್ಲ, ಅಂಗಡಿ ನಡೆಯುತ್ತಿದೆ. ತೋರಿಸಲು ಒಂದು ಕಷ್ಟವೂ ಇಲ್ಲದೆ ಹೀಗೆ ಬಿದ್ದಿರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಅವಮಾನ.

ಅಷ್ಟರಲ್ಲಿ ಅತ್ತೆ ಮಗಳಿಗೆ ಫೋನು ಮಾಡುವುದು ಕೇಳಿಸಿತು. "ಅದ್ ಅಲ್ಲ ಅಂಬ್ರ್. ನಾನೇ ಸಮಾ ಕೇಂಡಿಲ್ಲ. ನಂದೇ ತಪ್ಪ್." ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಗಂಡ ಬೈಕಿನಲ್ಲಿ ಕುಂದಾಪುರಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಒಳಗೆ, ಕಾಯುವವರ ಬೆಂಚಿನಲ್ಲಿ ಕುಳಿತ ಮೇಲೂ ನಾನು ರೈನ್‌ಕೋಟಿನ ಟೋಪಿ ತೆಗೆಯಲಿಲ್ಲ. ಆದರೂ ಅಂಗಡಿಗೆ ಬರುವ ಹೆಂಗಸೊಬ್ಬಳು ಗುರುತು ಹಿಡಿದಳು. "ಹ್ವಾಯ್ ಅಕ್ಕ, ನೀವ್ ಎಂತ ಇಲ್ಲಿ?"

ಯಾರನ್ನೋ ನೋಡಲು ಬಂದೆನೆಂದು ಹೇಳುವವಳಿದ್ದೆ. ಅದಕ್ಕೆ ಮೊದಲೇ ಗಂಡ, "ಇವ್ಳಿಗ್ ಹುಷಾರಿಲ್ಲ. ತೋರ್ಸುಕ್ ಬಂದದ್" ಎಂದುಬಿಟ್ಟರು. ಅವಳು ತಲೆಯಾಡಿಸಿ, ಅಲ್ಲಿಂದೆದ್ದು ನನ್ನ ಪಕ್ಕ ಬಂದು ಕುಳಿತಳು. ತಾನು ಯಾಕೆ ಬಂದಿದ್ದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾತ್ರೆ ಶುರುವಾಗಿ ಬಹಳ ದಿನ ಏನೂ ಬದಲಾಗಲಿಲ್ಲ. ಬೋಟುಗಳು ಮತ್ತೆ ಕಡಲಿಗಿಳಿದ ಸಮಯದಲ್ಲಿ ಒಂದು ಮಧ್ಯಾಹ್ನ ಬಂಗಡೆ ಸಾರು ರುಚಿಸಿ, ಇನ್ನೊಮ್ಮೆ ಅನ್ನ ಹಾಕಿಸಿಕೊಂಡೆ. ಅತ್ತೆ ನೋಡಿಯೂ ನೋಡದ ಹಾಗೆ ಬಡಿಸಿದರು. ಆ ಹ್ಞೂಂ ಬಗ್ಗೆ ನಾದಿನಿ ಈವರೆಗೆ ಒಮ್ಮೆಯೂ ಮಾತೆತ್ತಿಲ್ಲ. ಅವಳ ಮುಖ ನೋಡಲು ನನಗೇ ಆಗುವುದಿಲ್ಲ.

ಈಗಲೂ ಡಾಕ್ಟರ ಬಳಿ ಹೋಗುವ ದಿನ ಅಂಗಡಿ ಬಾಗಿಲು ಹಾಕುವಾಗ ಯಾರಾದರೂ ಕೇಳಿದರೆ, ಲೈನಿಂಗ್ ಬಟ್ಟೆ ತರಲು ಕುಂದಾಪುರಕ್ಕೆ ಹೊರಟೆ ಎನ್ನುತ್ತೇನೆ.