ಮಟ್ಟೆ ತುಂಬಿದ ರಸ್ತೆ

ನಮ್ಮೂರಿಂದ ತುರುವೇಕೆರೆಗೆ ಹೋಗುವ ದಾರಿಯನ್ನು ಸರ್ಕಾರ ರಸ್ತೆ ಎಂದು ಕರೆಯುತ್ತಿತ್ತು. ಸರ್ಕಾರ ಬಿಟ್ಟರೆ ಇನ್ಯಾರಿಗೂ ಹಾಗೆ ಕರೆಯುವ ಧೈರ್ಯ ಇರಲಿಲ್ಲ. ಗಾಡಿ ಚಕ್ರಗಳು ಕೊರೆದ ಎರಡು ಕೊರಕಲು, ನಡುನಡುವೆ ಎಮ್ಮೆ ಮಲಗುವಷ್ಟು ಗುಂಡಿಗಳು, ಕೆರೆ ಏರಿ ಇಳಿದ ಮೇಲೆ ಮಳೆಗಾಲದಲ್ಲಿ ಬರೀ ಕೆಸರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದರೂ ಅದಕ್ಕೆ ಒಂದು ಬುಟ್ಟಿ ಜಲ್ಲಿ ಬಿದ್ದಿರಲಿಲ್ಲ. ಎಲೆಕ್ಷನ್ ಬಂದಾಗಲೆಲ್ಲ ಜೀಪಿನಲ್ಲಿ ಕೂತವರು ಮೈಕಿನಲ್ಲೇ ಜಲ್ಲಿ ಹಾಕಿ ಹೋಗುತ್ತಿದ್ದರು.

ಆ ವರ್ಷ ನಾನು ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸು ಪಾಸಾಗಿದ್ದೆ. ಹೈಸ್ಕೂಲು ಇದ್ದದ್ದು ತುರುವೇಕೆರೆಯಲ್ಲಿ. ಅಣ್ಣ ಸೈಕಲ್ ಮೇಲೆ ಹೋಗಿಬರುತ್ತಿದ್ದ, ಆ ಗುಂಡಿಗಳಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿರಲಿಲ್ಲ; ಮಳೆ ಬಂದ ದಿನ ಸೈಕಲ್ಲೇ ಅವನ ಹೆಗಲ ಮೇಲೆ ಬರುತ್ತಿತ್ತು. ಹುಡುಗಿ ಸೈಕಲ್ ತುಳಿಯುವ ಮಾತನ್ನು ನಮ್ಮೂರಲ್ಲಿ ಯಾರೂ ಎತ್ತುವಂತಿರಲಿಲ್ಲ. "ಬಸ್ ಬರ್ಲಿ, ಕಳುಸ್ತೀನಿ. ಒಬ್ಳೇ ನಡ್ಕಂಡು ಹೋಗೋದು ಬ್ಯಾಡ," ಎಂದಿದ್ದ ಅಪ್ಪ. ಬಸ್ಸಿನವರನ್ನು ಕೇಳಿದರೆ ಮೊದಲು ಜಲ್ಲಿ ರಸ್ತೆ ಆಗಲಿ, ಆಮೇಲೆ ಬಸ್ಸು ಬಿಡುತ್ತೇವೆ ಎನ್ನುತ್ತಿದ್ದರು. ನನ್ನ ಎಂಟನೇ ಕ್ಲಾಸು ಹೀಗೆ ಜಲ್ಲಿಗಾಗಿ ಕಾದು ಕೂತಿತ್ತು.

ಬೇಸಿಗೆಯಲ್ಲಿ ಸುದ್ದಿ ಬಂತು. ರಸ್ತೆಯ ಇಂಜಿನಿಯರು ಖುದ್ದಾಗಿ ಬರುತ್ತಾರೆ. ನಮ್ಮ ರಸ್ತೆ, ಕೆರೆಯಾಚೆ ಊರಿನ ರಸ್ತೆ ಎರಡನ್ನೂ ನೋಡಿ, ಯಾವುದು ಹೆಚ್ಚು ಕೆಟ್ಟಿದೆಯೋ ಅದಕ್ಕೆ ಜಲ್ಲಿ ಕೊಡುತ್ತಾರೆ. ತಾಲ್ಲೂಕಿಗೆ ಬಂದ ದುಡ್ಡು ಒಂದೇ ರಸ್ತೆಗೆ ಸಾಲುವಷ್ಟಂತೆ. ಇಡೀ ತಾಲ್ಲೂಕಿಗೆ ಒಂದು ರಸ್ತೆ! ಭಿಕ್ಷೆ ಹಾಕುವವರ ಕೈ ಕೂಡ ಇದಕ್ಕಿಂತ ಧಾರಾಳ. ಆದರೂ ನಾನು ಕುಣಿದಾಡಿದೆ. ಕೆಟ್ಟಿರುವುದರಲ್ಲಿ ನಮ್ಮ ರಸ್ತೆಯನ್ನು ಸೋಲಿಸುವ ರಸ್ತೆ ಎಲ್ಲಿದೆ? ನಮ್ಮೂರಿನ ದೊಡ್ಡವರ ತಲೆ ಅದಕ್ಕಿಂತ ಕೆಟ್ಟಿದೆ ಎಂದು ನನಗೆ ತಿಳಿದಿರಲಿಲ್ಲ.

ನಮ್ಮ ಜಗಲಿಯ ಮೇಲೆ ಅವರೆಲ್ಲ ಸೇರಿದರು. ಅಪ್ಪನೇ ಬಾಯಿ ತೆಗೆದ. "ಊರಿಗೆ ಬರೋರ ಸೊಂಟ ಮುರ್ದು ಕಳ್ಸಾದಾ? ನಮ್ ಮರ್ವಾದೆ ಏನಾಯ್ತದೆ? ಸಾಹೇಬ್ರಿಗೆ ಖುಷಿಯಾದ್ರೆ ತಾನೇ ಕೈ ಬಿಚ್ಚೋದು. ಗುಂಡಿ ಮುಚ್ಬುಡನ ಕಣ್ರಪ್ಪ." ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ.

ಬಾಗಿಲ ಹಿಂದಿನಿಂದ ಅವ್ವ, "ಹುಣ್ಣು ತೋರ್ಸಕ್ಕೆ ಡಾಕ್ಟ್ರನ್ನ ಕರ್ದು, ಮೇಲೆ ಪೌಡ್ರು ಬಳೀತಾರಾ?" ಎಂದಳು.

"ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು," ಎಂದ ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಕೊಬ್ಬರಿ ತೆಗೆಯುತ್ತಾರೆ. ಸುಲಿದ ಮಟ್ಟೆ ಎಲ್ಲರ ಹಿತ್ತಲಲ್ಲೂ ಗುಡ್ಡೆ ಬಿದ್ದಿರುತ್ತದೆ, ಬಚ್ಚಲ ಒಲೆಗೆ ಅದೇ ಸೌದೆ. ಆ ಮಟ್ಟೆಯನ್ನು ಗಾಡಿಗಟ್ಟಲೆ ತಂದು ಗುಂಡಿಗಳಲ್ಲಿ ಬೋರಲು ಜೋಡಿಸಿದರು. ಮೇಲೆ ಗರಸು ಮಣ್ಣು ಹರಡಿ, ನೀರು ಚಿಮುಕಿಸಿ, ಎತ್ತುಗಳನ್ನು ಓಡಾಡಿಸಿ ಗಟ್ಟಿ ಮಾಡಿದರು. ನನ್ನ ಕಣ್ಣಿಗೂ ಅದು ಚೆಂದವೇ ಕಂಡಿತು. ಲಂಗ ಎತ್ತಿಕಟ್ಟಿ ನಾನೂ ಕುಕ್ಕೆಯಲ್ಲಿ ಮಟ್ಟೆ ಹೊತ್ತೆ. ನೆತ್ತಿ ಉರಿಯುತ್ತಿದ್ದರೂ, ಪ್ರತಿ ಕುಕ್ಕೆಗೂ ಬಸ್ಸು ಒಂದಿಷ್ಟು ಹತ್ತಿರ ಬಂತು ಅಂದುಕೊಂಡೆ.

ಜೀಪು ತೊಟ್ಟಿಲಿನ ಹಾಗೆ ತೂಗಿಕೊಂಡು ಬಂತು. ಇಂಜಿನಿಯರು ಇಳಿದವರು ಪ್ಯಾಂಟಿನ ಇಸ್ತ್ರಿ ನೋಡಿಕೊಂಡರು, ಗಡಿಯಾರ ನೋಡಿಕೊಂಡರು, ನೆಲ ಮಾತ್ರ ನೋಡಲಿಲ್ಲ. ಶೂ ತುದಿಯಲ್ಲಿ ಒಂಚೂರು ಕೆದಕಿದ್ದರೆ ಮಟ್ಟೆಯ ನಾರು ಕಾಣುತ್ತಿತ್ತು. ಕೆದಕಿದರೆ ಪಾಲಿಷ್ ಹಾಳಾಗುತ್ತಿತ್ತಲ್ಲ! ಎಳನೀರು ಕುಡಿದರು, ಕೇಳಿ ಇನ್ನೊಂದು ಕುಡಿದರು. ಬಾಯಿ ಒರೆಸಿಕೊಂಡು, "ರಸ್ತೆ ಫಸ್ಟ್ ಕ್ಲಾಸಾಗಿದೆಯಲ್ರೀ. ಇದಕ್ಯಾಕೆ ಜಲ್ಲಿ?" ಎಂದರು.

ಆಗಲಾದರೂ ಅಪ್ಪ ನಿಜ ಹೇಳಿದನೇ? ಕೈಮುಗಿದು, "ಎಲ್ಲಾ ತಮ್ಮ ಆಶೀರ್ವಾದ ಸ್ವಾಮಿ," ಎಂದ. ಊರಿನವರೂ ಸಾಲಾಗಿ ನಿಂತು ಕೈಮುಗಿದರು. ಎಲ್ಲರ ಮುಖದಲ್ಲೂ ಹೊಗಳಿಸಿಕೊಂಡ ಸಂತೋಷ. ಹೊರಡುವಾಗ ಜೀಪಿಗೆ ಒಂದು ಗೊನೆ ಎಳನೀರನ್ನೂ ಏರಿಸಿದರು. ಆ ಕೈಮುಗಿದ ಸಾಲನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಕೆರೆಯಾಚೆಯವರು ಒಂದು ಹಿಡಿ ಮಣ್ಣನ್ನೂ ಹಾಕಿರಲಿಲ್ಲ. ಅಲ್ಲಿ ಜೀಪು ಗುಂಡಿಗೆ ಇಳಿದು ಸಾಹೇಬರ ತಲೆ ಕಂಬಿಗೆ ಬಡಿಯಿತಂತೆ. ಜಲ್ಲಿ ಅವರಿಗೆ ಹೋಯಿತು. ಅವರಿಗೆ ಮರ್ಯಾದೆ ಇರಲಿಲ್ಲ, ರಸ್ತೆ ಬಂತು. ನಮಗೆ ಮರ್ಯಾದೆ ಉಳಿಯಿತು. ಅದರ ಮೇಲೆ ಬಸ್ಸು ಓಡುವುದಿಲ್ಲ.

ಮುಂಗಾರಿನ ಮೊದಲ ಜೋರು ಮಳೆಗೆ ಗರಸು ಕೊಚ್ಚಿಹೋಯಿತು. ಮಟ್ಟೆಗಳು ಉಬ್ಬಿ ಮೇಲೆದ್ದು ಗುಂಡಿಗಳಲ್ಲಿ ತೇಲಾಡಿದವು. ಹೈಸ್ಕೂಲು ಶುರುವಾದದ್ದೂ ಅದೇ ವಾರ. ಅಣ್ಣ ಸೈಕಲ್ಲನ್ನು ಹೆಗಲಿಗೇರಿಸಿ ಹೊರಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಕಡೆ ಮುಖ ಕೊಡದೆ ಅಪ್ಪ, "ಮಟ್ಟೆ ಯಾಕೆ ಹಾಳಾಗ್ಬೇಕು, ಆಯ್ಕಂಡು ಬಾ ಹೋಗವ್ವ," ಎಂದ.

ಅದೇ ಕುಕ್ಕೆ ಹಿಡಿದು ಹೋದೆ. ಹೊತ್ತು ಹಾಕಿದವಳೇ ಹೊತ್ತು ತಂದೆ. ಬಿಸಿಲು ಬಂದಾಗ ಒಣಗಿಸಿ ಬಚ್ಚಲ ಒಲೆಗೆ ಒಟ್ಟಿದೆ. ಕೆಸರು ಕುಡಿದ ಮಟ್ಟೆ ಹೊತ್ತಿಕೊಳ್ಳದೆ ಹೊಗೆ ಕಾರುತ್ತಿತ್ತು, ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಆ ಮಳೆಗಾಲವೆಲ್ಲ ನಮ್ಮ ಮನೆಯ ಹಂಡೆ ಕಾದದ್ದು ಆ ಫಸ್ಟ್ ಕ್ಲಾಸ್ ರಸ್ತೆಯನ್ನು ಉರಿಸಿ.

ಅಪ್ಪ ಒಳಗಿನಿಂದ, "ನೀರು ಹದವಾಗೈತೆ ಕಣವ್ವ," ಎಂದು ಹೊಗಳುತ್ತಿದ್ದ. ಚೊಂಬು ಚೊಂಬಾಗಿ ಮೈಮೇಲೆ ಹುಯ್ದುಕೊಳ್ಳುತ್ತಿರುವುದು ನನ್ನ ಎಂಟನೇ ಕ್ಲಾಸನ್ನು ಎಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಇನ್ನೊಂದು ಮಟ್ಟೆ ಒಳಗೆ ತಳ್ಳಿ ಊದಿದೆ.